ಕಸದ ಗಾಡಿ ಬರದ ದಿನ: ಮುಷ್ಕರದಲ್ಲಿ ಬೀದಿಯವರ ಬೆಂಬಲಕ್ಕೆ ಯಾಕಿಷ್ಟು ಬೆಲೆ?

ಬೆಳಗ್ಗೆ ಆರೂವರೆ ಸುಮಾರಿಗೆ ನಮ್ಮ ಬೀದಿಗೆ ಕಸದ ಆಟೊ ಬರುತ್ತದೆ. ಅದರ ಹಾಡು ಕೇಳಿದರೆ ಸಾಕು, ಹಲ್ಲುಜ್ಜುತ್ತಿದ್ದವರೂ ಬಕೆಟ್ ಹಿಡಿದು ಗೇಟಿಗೆ ಓಡುತ್ತಾರೆ. ಒಂದು ದಿನ ಆ ಹಾಡು ಕೇಳಿಸುವುದಿಲ್ಲ. ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡನೇ ದಿನ ಬಕೆಟ್ ತುಂಬಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬರುತ್ತದೆ. ಮೂರನೇ ದಿನ ನೊಣ, ವಾಸನೆ, ಚೀಲ ಹರಿಯುವ ನಾಯಿ. ಆಗ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಬೀಳುತ್ತದೆ: "ಸ್ಟ್ರೈಕ್ ಅಂತೆ."

ಅದರ ಬೆನ್ನಿಗೇ ಎರಡು ಬಗೆಯ ಮಾತು. ಒಂದು, "ಪಾಪ, ಅವರದೂ ಹೊಟ್ಟೆಪಾಡು ಅಲ್ವಾ?" ಇನ್ನೊಂದು, "ಅವರವರ ಜಗಳಕ್ಕೆ ನಾವ್ಯಾಕೆ ಮೂಗು ಮುಚ್ಚಿಕೊಂಡು ಓಡಾಡಬೇಕು?"

ಇವೆರಡರಲ್ಲಿ ಯಾವ ಮಾತು ಜಾಸ್ತಿ ಜೋರಾಗಿ ಕೇಳಿಸುತ್ತದೆ ಎನ್ನುವುದು ಆ ಮುಷ್ಕರದ ಗತಿಯನ್ನೇ ಬದಲಿಸಬಲ್ಲದು. ಕಸ ಎತ್ತುವವರು, ಬಸ್ ಓಡಿಸುವವರು, ಆಸ್ಪತ್ರೆ ಒರೆಸುವವರು, ಹೋಟೆಲಿನ ಹಾಸಿಗೆ ಬದಲಿಸುವವರು, ಆಶಾ ಕಾರ್ಯಕರ್ತೆಯರು. ಇಂಥ ಸೇವಾ ಕೆಲಸಗಾರರ ಮುಷ್ಕರ ಹೇಗೆ ನಡೆಯುತ್ತದೆ? ಜಗಳದಲ್ಲಿ ಇಲ್ಲದ ನಾವು ಅದರೊಳಗೆ ಹೇಗೆ ಬರುತ್ತೇವೆ? 2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಮುಷ್ಕರದ ನಿಯಮಗಳೂ ಬದಲಾಗಿವೆ. ಹಾಗಾಗಿ ಇದನ್ನು ಬುಡದಿಂದ ನೋಡೋಣ.

ಮೊದಲು ಒಂದಿಷ್ಟು ಪದ

ಯೂನಿಯನ್ ಅಂದರೆ ಕಾರ್ಮಿಕರ ಸಂಘ. ಒಬ್ಬರೇ ಹೋಗಿ "ಸಂಬಳ ಜಾಸ್ತಿ ಮಾಡಿ" ಎಂದರೆ "ನಾಳೆಯಿಂದ ಬರಬೇಡ" ಎನ್ನುವುದು ಸುಲಭ. ಸಾವಿರ ಜನ ಒಟ್ಟಿಗೆ ಕೇಳಿದರೆ ಹಾಗೆನ್ನುವುದು ಕಷ್ಟ. ಸಂಘದ ಲೆಕ್ಕಾಚಾರ ಇಷ್ಟೇ. ನಮ್ಮಲ್ಲಿ ಸಂಘಗಳು ನೋಂದಣಿಯಾಗಲು 1926ರಿಂದಲೂ ಕಾನೂನಿದೆ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು.

ಮುಷ್ಕರ ಅಂದರೆ ಎಲ್ಲರೂ ಮಾತಾಡಿಕೊಂಡು ಒಟ್ಟಿಗೆ ಕೆಲಸ ನಿಲ್ಲಿಸುವುದು. ಧರಣಿ ಬೇರೆ, ಅದು ಒಂದು ಕಡೆ ಕೂತು ಒತ್ತಾಯಿಸುವುದು, ಕೆಲಸ ನಿಲ್ಲಿಸಲೇಬೇಕು ಅಂತಿಲ್ಲ. ಬಂದ್ ಇನ್ನೂ ಬೇರೆ. ಅಲ್ಲಿ ಅಂಗಡಿಯವರು, ಆಟೊದವರು, ಎಲ್ಲರೂ ಬಾಗಿಲು ಹಾಕುತ್ತಾರೆ. ಪತ್ರಿಕೆಗಳಲ್ಲಿ ಈ ಮೂರೂ ಕಲಸಿಹೋಗಿರುತ್ತವೆ.

ಇನ್ನೊಂದು ಪದ ಪಿಕೆಟಿಂಗ್. ಮುಷ್ಕರ ಹೂಡಿದವರು ಕೆಲಸದ ಜಾಗದ ಬಾಗಿಲಲ್ಲಿ ಬೋರ್ಡು ಹಿಡಿದು ನಿಂತು, ಒಳಗೆ ಹೋಗುವವರಿಗೆ "ಹೋಗಬೇಡಿ" ಎಂದು ಹೇಳುವುದು. ಅಮೆರಿಕದಲ್ಲಿ "ಪಿಕೆಟ್ ಸಾಲು ದಾಟಬೇಡ" ಎಂಬ ಮಾತು ಕಾರ್ಮಿಕ ಕುಟುಂಬಗಳಲ್ಲಿ ಮನೆಯ ಸಂಸ್ಕಾರದ ಹಾಗೆ. ಅಲ್ಲಿರುವ ನಮ್ಮವರು ಯಾವುದೋ ಹೋಟೆಲಿನ ಮುಂದೆ ಡೋಲು ಬಡಿಯುತ್ತ ನಿಂತವರನ್ನು ಕಂಡು "ಏನಿದು ಗಲಾಟೆ" ಎಂದುಕೊಂಡರೆ, ಅದು ಇದೇ.

ಕಾರ್ಖಾನೆ ಬೇರೆ, ಕಸ ಬೇರೆ

ಒಂದು ಸಾಬೂನು ಕಾರ್ಖಾನೆ ಹತ್ತು ದಿನ ನಿಂತಿತು ಅಂದುಕೊಳ್ಳಿ. ನಮಗೆ ಗೊತ್ತೇ ಆಗುವುದಿಲ್ಲ. ಅಂಗಡಿಯಲ್ಲಿ ಹಳೇ ಸರಕು ಇರುತ್ತದೆ, ಇಲ್ಲದಿದ್ದರೆ ಬೇರೆ ಸಾಬೂನು ಇರುತ್ತದೆ. ನಷ್ಟ ಆಗುವುದು ಮಾಲೀಕನಿಗೆ. ದಿನಕ್ಕಿಷ್ಟು ಅಂತ ಅವನ ಜೇಬು ಹರಿಯುತ್ತದೆ, ಕಾರ್ಮಿಕನ ಜೇಬೂ ಖಾಲಿಯಾಗುತ್ತದೆ. ಯಾರ ಜೇಬು ಮೊದಲು ಬರಿದಾಗುತ್ತದೋ ಅವರು ಮೊದಲು ಮಾತಿಗೆ ಬರುತ್ತಾರೆ.

ಸೇವೆಯ ಕೆಲಸ ಹಾಗಲ್ಲ. ಸೇವೆಯನ್ನು ಗೋದಾಮಿನಲ್ಲಿ ತುಂಬಿಡಲು ಆಗುವುದಿಲ್ಲ. ನಾಳೆಯ ಕಸವನ್ನು ಇವತ್ತೇ ಎತ್ತಲು ಬರುತ್ತದೆಯೇ? ಹಾಗಾಗಿ ಕೆಲಸ ನಿಂತ ಕ್ಷಣವೇ ಏಟು ಬೀಳುತ್ತದೆ. ಆದರೆ ಬೀಳುವುದು ಧಣಿಯ ಮೇಲಲ್ಲ, ನಮ್ಮ ಮೇಲೆ. ಕಸ ಎತ್ತದಿದ್ದರೆ ಪಾಲಿಕೆಗೆ ಆ ದಿನ ಒಂದು ರೂಪಾಯಿಯೂ ನಷ್ಟವಿಲ್ಲ. ಕೆಲಸ ಮಾಡದ ದಿನದ ಸಂಬಳ ಕೊಡುವ ಹಾಗಿಲ್ಲ, ಆ ದುಡ್ಡು ಉಳಿದಂತೆಯೇ. ತಮಾಷೆ ನೋಡಿ. ಮುಷ್ಕರದಿಂದ ಧಣಿಗೆ ಉಳಿತಾಯ, ಬೀದಿಯವರಿಗೆ ತೊಂದರೆ.

ಹಾಗಾದರೆ ಧಣಿಗೆ ಒತ್ತಡ ಎಲ್ಲಿಂದ ಬರಬೇಕು? ನಮ್ಮಿಂದಲೇ. ಮುನಿಸಿಕೊಂಡ ನಾಗರಿಕ "ಮೊದಲು ಅವರ ಜೊತೆ ಕೂತು ಮಾತಾಡಿ" ಎಂದು ಶಾಸಕರಿಗೋ ಆಯುಕ್ತರಿಗೋ ಫೋನ್ ಮಾಡಿದರೆ ಒತ್ತಡ ಒಂದು ಕಡೆಗೆ. "ಅವರನ್ನು ಕೆಲಸದಿಂದ ತೆಗೆದು ಬೇರೆಯವರನ್ನು ಹಾಕಿ" ಎಂದರೆ ಇನ್ನೊಂದು ಕಡೆಗೆ. ಸಿಟ್ಟು ಒಂದೇ, ಅದು ತಿರುಗುವ ದಿಕ್ಕು ಬೇರೆ. ಸೇವಾ ಕೆಲಸಗಾರರ ಸಂಘಗಳು ಊರಿನವರ ಬೆಂಬಲಕ್ಕೆ ಇಷ್ಟು ಒದ್ದಾಡುವುದು ಇದಕ್ಕೇ.

ಮೆಂಫಿಸ್, 1968

ಊರಿನ ಬೆಂಬಲ ಎಂದರೇನು ಎಂದು ಅರ್ಥ ಮಾಡಿಕೊಳ್ಳಲು ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್‌ಗಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಕಸ ಎತ್ತುವವರ ಕಥೆ ನಮ್ಮ ಪೌರಕಾರ್ಮಿಕರ ಕಥೆಯ ದೂರದ ನೆಂಟ.

ಮೆಂಫಿಸ್ ನಗರದ ಕಸದವರು ಹೆಚ್ಚುಕಮ್ಮಿ ಎಲ್ಲರೂ ಕಪ್ಪುಜನ. ಮನೆಗಳ ಹಿತ್ತಲಿಗೆ ಹೋಗಿ, ಅಲ್ಲಿನ ಡ್ರಮ್ಮಿನ ಕಸವನ್ನು ದೊಡ್ಡ ತೊಟ್ಟಿಗೆ ಸುರಿದುಕೊಂಡು, ಅದನ್ನು ತಲೆ ಮೇಲೋ ಹೆಗಲ ಮೇಲೋ ಹೊತ್ತು ಲಾರಿಗೆ ತರಬೇಕು. ತೊಟ್ಟಿ ಸೋರುತ್ತಿತ್ತು. ಕೊಳೆತ ನೀರು, ಹುಳು ಮೈಮೇಲೆ ಇಳಿಯುತ್ತಿತ್ತು. ಪೂರ್ತಿ ಕೆಲಸ ಮಾಡಿದರೂ ಬರುವ ಸಂಬಳ ಎಷ್ಟು ಕಡಿಮೆ ಎಂದರೆ, ಹಲವರ ಕುಟುಂಬಗಳು ಸರ್ಕಾರ ಬಡವರಿಗೆ ಕೊಡುವ ನೆರವಿಗೆ ಅರ್ಹವಾಗಿದ್ದವು.

1968ರ ಫೆಬ್ರುವರಿ 1. ಜೋರು ಮಳೆ. ಎಕೊಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕೆಲಸಗಾರರು ನೆನೆಯದಿರಲೆಂದು ಲಾರಿಯ ಹಿಂಭಾಗದಲ್ಲಿ ನಿಂತರು. ಅಲ್ಲಿ ಕಸ ಅಮುಕುವ ಯಂತ್ರ ಇತ್ತು. ಹಳೇ ಯಂತ್ರ ತಾನಾಗಿಯೇ ಚಾಲೂ ಆಯಿತು. ಇಬ್ಬರೂ ಅದರೊಳಗೆ ಸಿಕ್ಕಿ ಸತ್ತರು. ನಗರಸಭೆ ಆ ಕುಟುಂಬಗಳಿಗೆ ಒಂದು ತಿಂಗಳ ಸಂಬಳ, ಮಣ್ಣು ಮಾಡಲು 500 ಡಾಲರ್ ಕೊಟ್ಟಿತು. ವಿಮೆ ಇರಲಿಲ್ಲ.

ಅದಕ್ಕೂ ಒಂದೆರಡು ದಿನ ಮುಂಚೆ ಇನ್ನೊಂದು ಸಂಗತಿ ನಡೆದಿತ್ತು. ಮಳೆ ಎಂದು ಚರಂಡಿ ವಿಭಾಗದ ಕಪ್ಪು ಕೆಲಸಗಾರರನ್ನು ಎರಡು ಗಂಟೆಯ ಕೂಲಿ ಕೊಟ್ಟು ಮನೆಗೆ ಕಳಿಸಿದರು. ಬಿಳಿಯ ಮೇಲ್ವಿಚಾರಕರಿಗೆ ಪೂರ್ತಿ ದಿನದ ಸಂಬಳ. ಫೆಬ್ರುವರಿ 12ರಂದು ಸುಮಾರು 1,300 ಜನ ಕೆಲಸಕ್ಕೆ ಬರಲಿಲ್ಲ.

ಕೇಳಿದ್ದು ಏನು? ಸಂಬಳ, ಸುರಕ್ಷತೆ ಇದ್ದವು. ಅದರ ಜೊತೆ ಎರಡು ವಿಷಯ: ಸಂಘವನ್ನು ಒಪ್ಪಿಕೊಳ್ಳಿ, ಸಂಘದ ಚಂದಾವನ್ನು ಸಂಬಳದಲ್ಲೇ ಮುರಿದುಕೊಂಡು ಸಂಘಕ್ಕೆ ಕೊಡಿ. ಚಂದಾ ವಿಷಯ ಸಣ್ಣದು ಅನ್ನಿಸಬಹುದು. ಚೀಟಿ ನಡೆಸಿದವರನ್ನು ಕೇಳಿ, ಪ್ರತಿ ತಿಂಗಳೂ ಮನೆ ಮನೆಗೆ ಹೋಗಿ ದುಡ್ಡು ವಸೂಲಿ ಮಾಡುವುದು ಎಂಥ ಕೆಲಸ ಅಂತ. ಸಂಬಳದಲ್ಲೇ ಮುರಿದರೆ ಸಂಘ ಉಳಿಯುತ್ತದೆ, ಇಲ್ಲದಿದ್ದರೆ ಎರಡು ವರ್ಷದಲ್ಲಿ ಸೊರಗುತ್ತದೆ. ಮೇಯರ್ ಹೆನ್ರಿ ಲೋಬ್ ಹಟ ಹಿಡಿದದ್ದೂ ಇದರ ಮೇಲೇ. "ಇದು ಕಾನೂನುಬಾಹಿರ ಮುಷ್ಕರ, ಮಾತೇ ಇಲ್ಲ" ಎಂದು ಹೊಸಬರನ್ನು ಕೆಲಸಕ್ಕೆ ತೆಗೆದುಕೊಂಡು, ಪೊಲೀಸ್ ಕಾವಲಿನಲ್ಲಿ ಲಾರಿ ಓಡಿಸತೊಡಗಿದರು.

ಮೊದಲ ಹತ್ತು ದಿನ ಇದು ಕೆಲಸಗಾರರು ಮತ್ತು ಮೇಯರ್ ನಡುವಿನ ಜಗಳ ಮಾತ್ರ. ಬದಲಾದದ್ದು ಫೆಬ್ರುವರಿ 22, 23ರಂದು. 22ರಂದು ನೂರಾರು ಕೆಲಸಗಾರರು ನಗರಸಭೆಯ ಸಭಾಂಗಣಕ್ಕೆ ಹೋಗಿ ಕೂತರು. ಎದ್ದೇಳಲಿಲ್ಲ. ಊಟದ ಹೊತ್ತಾಯಿತು. ಊರಿನ ಹೆಂಗಸರು ಬ್ರೆಡ್ಡು, ಮಾಂಸದ ಬಿಲ್ಲೆ ತಂದು ಸಭಾಂಗಣದಲ್ಲೇ ಸ್ಯಾಂಡ್‌ವಿಚ್ ಮಾಡಿ ಹಂಚಲು ಶುರುಮಾಡಿದರು. ನಗರದ ಕಾಯ್ದೆ ಕಟ್ಟಳೆ ಚರ್ಚಿಸುವ ಕೋಣೆ ಅರ್ಧ ದಿನ ಅಡುಗೆಮನೆಯಾಯಿತು. ಬೆಂಬಲ ಎನ್ನುವ ಪದಕ್ಕೆ ಇದಕ್ಕಿಂತ ಒಳ್ಳೇ ಚಿತ್ರ ಬೇಕೇ?

ಮರುದಿನ ನಗರಸಭೆ ಏನನ್ನೂ ಒಪ್ಪಲಿಲ್ಲ. ಸಿಟ್ಟಿನಿಂದ ಮೆರವಣಿಗೆ ಹೊರಟವರ ಕಣ್ಣಿಗೆ ಪೊಲೀಸರು ಉರಿಯುವ ರಾಸಾಯನಿಕ ಎರಚಿದರು. ಅದು ಜೊತೆಯಲ್ಲಿ ನಡೆಯುತ್ತಿದ್ದ ಚರ್ಚುಗಳ ಪಾದ್ರಿಗಳ ಮುಖಕ್ಕೂ ಬಿತ್ತು. ಅಲ್ಲಿಯವರೆಗೆ "ನೋಡೋಣ" ಎನ್ನುತ್ತಿದ್ದ ಪಾದ್ರಿಗಳೂ ಮರುದಿನವೇ ಒಂದಾದರು. ಜೇಮ್ಸ್ ಲಾಸನ್ ಎಂಬ ಪಾದ್ರಿಯ ಮುಂದಾಳುತನದಲ್ಲಿ 'ಕಮ್' ಎಂಬ ಊರಿನ ಸಮಿತಿ ಹುಟ್ಟಿತು. ಪೂರ್ತಿ ಹೆಸರು 'ಸಮಾನತೆಗಾಗಿ ಹೊರಟ ಸಮುದಾಯ' ಎಂಬರ್ಥದ್ದು.

ಈ ಲಾಸನ್ ನಮಗೆ ಪರಕೀಯರಲ್ಲ. ಮೂರು ವರ್ಷ ನಾಗಪುರದ ಕಾಲೇಜೊಂದರಲ್ಲಿ ಕೆಲಸ ಮಾಡಿ, ಗಾಂಧಿಯ ಸತ್ಯಾಗ್ರಹವನ್ನು ಓದಿಕೊಂಡು ಹೋದವರು. ಸಮಿತಿ ಮಾಡಿದ್ದೂ ಆ ದಾರಿಯದೇ ಕೆಲಸ. ಭಾನುವಾರದ ಪ್ರಾರ್ಥನೆಯಲ್ಲಿ ಕಾಣಿಕೆ ಎತ್ತಿ ಮುಷ್ಕರದವರ ಮನೆಗೆ ದಿನಸಿ, ಬಾಡಿಗೆ. ನಗರದ ನಡುವಿನ ಅಂಗಡಿಗಳಿಗೆ ಬಹಿಷ್ಕಾರ. ಸುದ್ದಿಯನ್ನು ಏಕಪಕ್ಷೀಯವಾಗಿ ಬರೆಯುತ್ತಿವೆ ಎಂದು ಎರಡು ದಿನಪತ್ರಿಕೆಗಳಿಗೂ ಬಹಿಷ್ಕಾರ. ಮೇಯರ್ ಮನೆತನದ ಹೆಸರಿನ ವ್ಯಾಪಾರಕ್ಕೂ ಬಹಿಷ್ಕಾರ. ದಿನಾ ಮೆರವಣಿಗೆ.

ಬಹಿಷ್ಕಾರದ ತಂತ್ರ ಗಮನಿಸಿ. ಕಸ ನಿಂತರೆ ನಗರಸಭೆಗೆ ದುಡ್ಡಿನ ನಷ್ಟವಿಲ್ಲ. ಆದರೆ ಅಂಗಡಿ ವ್ಯಾಪಾರ ಬಿದ್ದರೆ ವ್ಯಾಪಾರಿಗಳಿಗೆ ನಷ್ಟ. ವ್ಯಾಪಾರಿಗಳ ಮಾತನ್ನು ಮೇಯರ್ ಕೇಳುತ್ತಾರೆ. ಧಣಿಗೆ ತಾಗದ ಏಟನ್ನು ಧಣಿಯ ಗೆಳೆಯರ ಮೂಲಕ ತಾಗಿಸುವ ಉಪಾಯ ಅದು. ಕಪ್ಪುಜನರ ಹಕ್ಕುಗಳ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಈ ಮುಷ್ಕರಕ್ಕೆ ಬೆಂಬಲವಾಗಿ ಏಪ್ರಿಲ್ 3ರ ರಾತ್ರಿ ಅಲ್ಲಿ ಮಾಡಿದ ಭಾಷಣ ಇವತ್ತಿಗೂ ಹೆಸರುವಾಸಿ. ಜನ ನೆನಪಿಟ್ಟುಕೊಂಡಿರುವುದು 'ನಾನು ಬೆಟ್ಟದ ತುದಿಗೆ ಹೋಗಿ ಬಂದಿದ್ದೇನೆ' ಎಂಬ ಮಾತನ್ನು. ಅದೇ ಭಾಷಣದ ನಡುವೆ ಅವರು ಯಾವ ಬ್ರೆಡ್ ಕೊಳ್ಳಬಾರದು, ಯಾವ ಹಾಲು ಕೊಳ್ಳಬಾರದು, ಖಾತೆಯನ್ನು ಕಪ್ಪುಜನರದೇ ಆದ ಟ್ರೈ-ಸ್ಟೇಟ್ ಬ್ಯಾಂಕಿಗೆ ಬದಲಿಸಿಕೊಳ್ಳಿ ಎಂದು ಪಟ್ಟಿಯನ್ನೇ ಓದುತ್ತಾರೆ. ದಿನಸಿ ಚೀಟಿ ಓದಿದ ಹಾಗೆ!

ಮರುದಿನ ಸಂಜೆ ಅವರನ್ನು ಅದೇ ಊರಿನಲ್ಲಿ ಗುಂಡಿಟ್ಟು ಕೊಂದರು. ಏಪ್ರಿಲ್ 16ಕ್ಕೆ, 65 ದಿನದ ಮೇಲೆ, ರಾಜಿ ಆಯಿತು. ಸಂಘಕ್ಕೆ ಮಾನ್ಯತೆ ಸಿಕ್ಕಿತು, ಚಂದಾ ಮುರಿಯುವ ವ್ಯವಸ್ಥೆಯೂ ಆಯಿತು. ಕೂಲಿ ಗಂಟೆಗೆ 10 ಸೆಂಟ್, ಆಮೇಲೆ ಇನ್ನೂ 5 ಸೆಂಟ್ ಏರಿತು. ಆ ಏರಿಕೆಗೆ ನಗರದಲ್ಲಿ ದುಡ್ಡಿಲ್ಲ ಎಂದಾಗ ಸ್ಥಳೀಯ ಉದ್ಯಮಿ ಏಬ್ ಪ್ಲೌ ಹೆಸರು ಹೇಳಿಕೊಳ್ಳದೆ ದುಡ್ಡು ಕೊಟ್ಟರು. ಇದೂ ಊರಿನ ಬೆಂಬಲವೇ, ಆದರೆ ತುಂಬ ತಡವಾಗಿ ಬಂದದ್ದು.

ಅಂದಹಾಗೆ, ಗೆದ್ದರು ಎಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಆ ಮುಷ್ಕರದವರಲ್ಲಿ ಹಲವರಿಗೆ ನಗರದ ಪಿಂಚಣಿ ಸಿಗಲೇ ಇಲ್ಲ. ಎಪ್ಪತ್ತು, ಎಂಬತ್ತು ವಯಸ್ಸಿನಲ್ಲೂ ಕೆಲವರು ಕಸದ ಲಾರಿ ಹತ್ತುತ್ತಿದ್ದರು. 2017ರಲ್ಲಿ, 49 ವರ್ಷದ ನಂತರ, ಬದುಕುಳಿದ ಬೆರಳೆಣಿಕೆಯ ಮಂದಿಗೆ ನಗರ ಮೊದಲು ತಲಾ 50,000 ಡಾಲರ್ ಎಂದು ಹೇಳಿ, ಆಮೇಲೆ 70,000ಕ್ಕೆ ಏರಿಸಿ ಪರಿಹಾರ ಕೊಟ್ಟಿತು.

ಸಾಲು ಮುರಿಯದೆ ಆರು ವರ್ಷ

ಮುಷ್ಕರಕ್ಕೆ ದೊಡ್ಡ ಶತ್ರು ಪೊಲೀಸರಲ್ಲ, ತಿಂಗಳ ಒಂದನೇ ತಾರೀಖು. ಬಾಡಿಗೆ, ಮಕ್ಕಳ ಫೀಸು, ಚಿನ್ನ ಅಡವಿಟ್ಟ ಸಾಲದ ಬಡ್ಡಿ. ಎರಡನೇ ತಿಂಗಳು ಬರುವಷ್ಟರಲ್ಲಿ ಒಬ್ಬೊಬ್ಬರೇ ಹಿಂಬಾಗಿಲಿನಿಂದ ಕೆಲಸಕ್ಕೆ ಹೋಗತೊಡಗುತ್ತಾರೆ. ಅದು ತಪ್ಪು ಎನ್ನಲೂ ಆಗುವುದಿಲ್ಲ. ಹಾಗಾಗಿ ಹೊರಗಿನ ನೆರವು ಅಂದರೆ ಮೊದಲಿಗೆ ಅಕ್ಕಿ ಬೇಳೆಯೇ.

ಲಾಸ್ ವೇಗಾಸ್‌ನ ಫ್ರಾಂಟಿಯರ್ ಹೋಟೆಲಿನ ಕಥೆ ಇದಕ್ಕೆ ತುದಿಯ ಉದಾಹರಣೆ. 1991ರ ಸೆಪ್ಟೆಂಬರ್ 21ರಂದು ಅಲ್ಲಿನ 550 ಮಂದಿ ಹೊರಗೆ ಬಂದರು. ಅಡುಗೆಯವರು, ಕೋಣೆ ಗುಡಿಸುವವರು, ಊಟ ಬಡಿಸುವವರು. ಹಗಲು ರಾತ್ರಿ ಹೋಟೆಲ್ ಮುಂದೆ ಪಿಕೆಟ್. ಮರುಭೂಮಿಯ ಬಿಸಿಲು ಬೇರೆ. ಮುಷ್ಕರ ಮುಗಿದದ್ದು 1998ರ ಜನವರಿ ಕೊನೆಗೆ, ಹೋಟೆಲ್ ಬೇರೆಯವರ ಕೈಗೆ ಮಾರಾಟವಾದಾಗ. ಆರು ವರ್ಷ ನಾಲ್ಕು ತಿಂಗಳು. ಅಷ್ಟು ದಿನದಲ್ಲಿ ಒಬ್ಬರೂ ಸಾಲು ದಾಟಿ ಒಳಗೆ ಹೋಗಲಿಲ್ಲ.

ಹೇಗೆ ಸಾಧ್ಯವಾಯಿತು? ಅದೇ ಊರಿನ ಬೇರೆ ಹೋಟೆಲುಗಳಲ್ಲಿ ಕೆಲಸ ಮಾಡುವ ಸಾವಿರಾರು ಜನ ಅದೇ ಸಂಘದವರು. ಅವರ ಚಂದಾ ದುಡ್ಡು ಈ 550 ಜನರ ಒಲೆ ಉರಿಸಿತು. ಇಲ್ಲಿ ನೆರೆಹೊರೆ ಅಂದರೆ ಪಕ್ಕದ ಮನೆಯಲ್ಲ, ಪಕ್ಕದ ಹೋಟೆಲು.

ನಿಜವಾದ ಧಣಿ ಯಾರು?

ಮೆಂಫಿಸ್‌ನವರಿಗೆ ಒಂದು ಅನುಕೂಲ ಇತ್ತು. ಸಂಬಳ ಕೊಡುವವರು ಯಾರು ಎಂದು ಗೊತ್ತಿತ್ತು. ಇವತ್ತಿನ ಸೇವಾ ಕೆಲಸದಲ್ಲಿ ಅದೇ ಗೊತ್ತಾಗುವುದಿಲ್ಲ. ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ನೆಲ ಒರೆಸುವ ಅಕ್ಕನನ್ನು "ಯಾವ ಕಂಪನಿ?" ಎಂದು ಕೇಳಿ. ಸಮವಸ್ತ್ರದ ಮೇಲಿರುವ, ನಾವು ಕೇಳಿಯೇ ಇರದ ಗುತ್ತಿಗೆದಾರರ ಹೆಸರು ಹೇಳುತ್ತಾರೆ. ಗುತ್ತಿಗೆದಾರರನ್ನು ಕೇಳಿದರೆ "ಕಟ್ಟಡದವರು ಕೊಟ್ಟಷ್ಟೇ ನಾನು ಕೊಡುವುದು" ಎನ್ನುತ್ತಾರೆ. ಕಟ್ಟಡದವರು "ಅವರು ನಮ್ಮ ನೌಕರರೇ ಅಲ್ಲ" ಎನ್ನುತ್ತಾರೆ. ಇಬ್ಬರೂ ಹೇಳುವುದು ಕಾಗದದಲ್ಲಿ ಸರಿಯೇ.

ಸಂಘ ಗುತ್ತಿಗೆದಾರರ ಜೊತೆ ಜಗಳವಾಡಿ ಗೆದ್ದರೆ, ಕಟ್ಟಡದವರು ಗುತ್ತಿಗೆದಾರರನ್ನೇ ಬದಲಿಸುತ್ತಾರೆ. ಅಮೆರಿಕದ ಕಟ್ಟಡ ಸ್ವಚ್ಛತೆಯವರು 1980ರ ದಶಕದಲ್ಲಿ ಈ ಗೋಡೆಗೇ ತಲೆ ಹೊಡೆದುಕೊಂಡರು. ಆಗ ಅವರ ಸಂಘ ದಾರಿ ಬದಲಿಸಿತು. ಗುತ್ತಿಗೆದಾರರ ಕಚೇರಿ ಬಿಟ್ಟು, ಕಟ್ಟಡದ ಮುಂದೆಯೇ ಊರಿನ ಕಣ್ಣಿಗೆ ಬೀಳುವ ಹಾಗೆ ನಿಂತಿತು. 1990ರ ಜೂನ್ 15ರಂದು ಲಾಸ್ ಏಂಜಲೀಸ್‌ನ ಸೆಂಚುರಿ ಸಿಟಿಯಲ್ಲಿ ಅಂಥ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದ್ದು ಟಿವಿಯಲ್ಲಿ ಬಂತು. ರಾತ್ರಿ ಹೊತ್ತು ಬಂದು ಕಚೇರಿ ಗುಡಿಸಿ ಹೋಗುವ, ಯಾರೂ ಮುಖ ನೋಡಿರದ ಜನರನ್ನು ಊರು ಮೊದಲ ಸಲ ನೋಡಿತು. ಕೆಲವೇ ದಿನಗಳಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ನಮ್ಮ ಪೌರಕಾರ್ಮಿಕರ ದೊಡ್ಡ ಬೇಡಿಕೆ ವರ್ಷಗಟ್ಟಲೆ ಯಾಕೆ "ಕಾಯಂ ಮಾಡಿ" ಎಂದಿತ್ತು ಎಂಬುದೂ ಇದರಿಂದ ಅರ್ಥವಾಗುತ್ತದೆ. ಕಾಯಂ ಅಂದರೆ ಬರೀ ಸಂಬಳವಲ್ಲ. ಧಣಿ ಯಾರು ಎಂಬ ಪ್ರಶ್ನೆಗೆ ಕಾಗದದ ಮೇಲೆ ಒಂದು ಉತ್ತರ.

ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಹಳೇ ಬೇರುಗಳಿವೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ಕೊಟ್ಟ ವರದಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಾದರೂ ಇರಬೇಕು ಎಂದಿತು. ಆಮೇಲೆ ನಗರಗಳು ಬೆಳೆದವು, ಕೆಲಸ ಗುತ್ತಿಗೆಗೆ ಹೋಯಿತು. ಕೈಗೆ ಬರುವ ಸಂಬಳ ಗುತ್ತಿಗೆದಾರರ ಮರ್ಜಿ. ಪಿಎಫ್, ಇಎಸ್‌ಐ ಕಟ್ಟಿದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೋರಾಟಗಳ ನಂತರ ಬೆಂಗಳೂರಿನಲ್ಲಿ ಬೀದಿ ಗುಡಿಸುವವರಿಗೆ 2018ರಿಂದ 'ನೇರ ಪಾವತಿ' ಬಂತು. ಗುತ್ತಿಗೆದಾರರು ನಡುವಿನಿಂದ ಹೋದರು, ಸಂಬಳ ಪಾಲಿಕೆಯಿಂದ ಖಾತೆಗೆ. ಆದರೂ ಕಾಯಂ ಅಲ್ಲ.

2022ರ ಜುಲೈ 1ರಂದು ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದರು. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಜುಲೈ ತಿಂಗಳು, ಮಳೆ, ತಲೆ ಮೇಲೆ ಶಾಮಿಯಾನ. ವಿದ್ಯಾರ್ಥಿಗಳು, ವಕೀಲರು, ಮಹಿಳಾ ಸಂಘಟನೆಯವರು ಬಂದು ಜೊತೆಗೆ ಕೂತರು. ಊರಿನಲ್ಲಿ ಕಸ ಬೆಳೆಯುತ್ತಿತ್ತು. ನಾಲ್ಕನೇ ದಿನ ಬಸವರಾಜ ಬೊಮ್ಮಾಯಿ ಸರ್ಕಾರ ಕಾಯಂ ಮಾಡುವ ಭರವಸೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಸಂಪುಟ ಮೊದಲ ಹಂತದಲ್ಲಿ 11,133 ಮಂದಿಯನ್ನು ಕಾಯಂ ಮಾಡಲು ಒಪ್ಪಿತು. ಬೆಂಗಳೂರಿನ 12,692 ಮಂದಿಗೆ ನೇಮಕ ಪತ್ರ ಕೊಡುವ ಹೊತ್ತಿಗೆ 2025ರ ಮೇ ಆಗಿತ್ತು. ಮುಷ್ಕರ ನಾಲ್ಕು ದಿನ, ಕಾಗದ ಕೈಗೆ ಬರಲು ಸುಮಾರು ಮೂರು ವರ್ಷ. ಊರಿನವರ ಗಮನ ಸಾಮಾನ್ಯವಾಗಿ ಮೊದಲ ನಾಲ್ಕು ದಿನಕ್ಕೇ ಮುಗಿದಿರುತ್ತದೆ.

ಇಲ್ಲೊಂದು ತೊಡಕು ಇದೆ. ಬೆಂಗಳೂರಿನಲ್ಲಿ ಈಗ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಬೀದಿಯಲ್ಲಿ ಟ್ರಾಫಿಕ್ ಜಾಮ್ ಆಗಬಾರದು ಎಂಬುದು ಕಾರಣ, ಅದು ನ್ಯಾಯವೇ. ಆದರೆ ಕೆಂಗೇರಿಯಲ್ಲಿ ಕಸ ಗುಡಿಸುವವರು ಗಾಂಧಿನಗರದ ಪಕ್ಕ ಕೂತರೆ ಕೆಂಗೇರಿಯವರಿಗೆ ಏನು ಕಾಣುತ್ತದೆ? ಕಸ ಮಾತ್ರ ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ.

ಆಶಾ ಕಾರ್ಯಕರ್ತೆಯರದು ಇನ್ನೊಂದು ಬಗೆ. 2025ರ ಜನವರಿ 7ರಿಂದ ಅವರೂ ಅದೇ ಪಾರ್ಕಿನಲ್ಲಿ ರಾತ್ರಿ ಚಳಿಯಲ್ಲಿ ಮಲಗಿದರು. ತಿಂಗಳಿಗೆ 15,000 ರೂಪಾಯಿ ಕೇಳಿದರು. 10ರಂದು ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿಯ ಖಾತ್ರಿ ಎಂಬ ಮಾತಿನೊಂದಿಗೆ ಎದ್ದರು. ಅವರಿಗೆ ಸಿಗುವುದಕ್ಕೆ ಸಂಬಳ ಎನ್ನುವುದಿಲ್ಲ, 'ಗೌರವಧನ', 'ಪ್ರೋತ್ಸಾಹಧನ' ಎನ್ನುತ್ತಾರೆ. ದಾಖಲೆಯಲ್ಲಿ ಅವರು ಸ್ವಯಂಸೇವಕಿಯರು. ಸಂಬಳವಲ್ಲ ಎಂದ ಮೇಲೆ ಕನಿಷ್ಠ ವೇತನದ ಕಾನೂನೂ ತಾಗುವುದಿಲ್ಲ. ಒಂದು ಪದ ಎಷ್ಟು ದುಡ್ಡು ಉಳಿಸುತ್ತದೆ ನೋಡಿ.

ಗಾಳಿ ಎದುರಾದಾಗ

2021ರ ಏಪ್ರಿಲ್ 7ರಂದು ರಾಜ್ಯದ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಬಸ್ ನಿಲ್ಲಿಸಿದರು. ಯುಗಾದಿಗೆ ಊರಿಗೆ ಹೋಗುವ ಹೊತ್ತು, ಕೊರೊನಾದ ಎರಡನೇ ಅಲೆ ಏರುತ್ತಿದ್ದ ಹೊತ್ತು. ಸರ್ಕಾರ ಖಾಸಗಿ ಬಸ್ಸುಗಳಿಗೆ ನಿಲ್ದಾಣದೊಳಗೆ ಬಂದು ಜನರನ್ನು ಹತ್ತಿಸಿಕೊಳ್ಳಲು ಬಿಟ್ಟಿತು. ಟಿಕೆಟ್ ದುಬಾರಿಯಾದರೂ ಜನ ಹೇಗೋ ಊರು ಸೇರಿದರು. ನೌಕರರ ಮನೆಯವರು ಬೀದಿಗೆ ಬಂದು ತಟ್ಟೆ, ಲೋಟ ಬಡಿದರು. ಆದರೆ ಸಿಟ್ಟಿಗೆದ್ದ ಪ್ರಯಾಣಿಕನ ಬೆರಳು ಬಹುಮಟ್ಟಿಗೆ ನೌಕರರ ಕಡೆಗೇ ತಿರುಗಿತ್ತು. ಹದಿನೈದು ದಿನಕ್ಕೆ ಮುಷ್ಕರ ನಿಂತಿತು. ಮುಖ್ಯ ಬೇಡಿಕೆ ಈಡೇರಲಿಲ್ಲ, ಹಲವರು ಕೆಲಸ ಕಳೆದುಕೊಂಡರು.

ಬೇಡಿಕೆ ನ್ಯಾಯವೋ ಅಲ್ಲವೋ ಎಂಬ ಮಾತು ಬೇರೆ. ಇಲ್ಲಿ ನೋಡಬೇಕಾದದ್ದು ಯಂತ್ರ ಹೇಗೆ ಓಡುತ್ತದೆ ಎಂಬುದನ್ನು. ಬದಲಿ ಸಿಕ್ಕರೆ ಏಟಿನ ಬಿಸಿ ಆರುತ್ತದೆ. ಬಸ್ಸಿಗೆ ಬದಲಿ ಬೇಗ ಸಿಗುತ್ತದೆ. ಬೀದಿ ಗುಡಿಸಲು ಸಿಗುವುದಿಲ್ಲ, ಆ ಕೆಲಸಕ್ಕೆ ಬೇರೆ ಯಾರೂ ಬರುವುದಿಲ್ಲ. ಅದರ ಹಿಂದಿರುವುದು ಜಾತಿ.

ಬೆಂಬಲಿಸಿದರೆ ತಪ್ಪಾಗುತ್ತದೆಯೇ?

ಸಂಘ ಕಟ್ಟುವುದು ಮೂಲಭೂತ ಹಕ್ಕು, ಆದರೆ ಮುಷ್ಕರ ಮೂಲಭೂತ ಹಕ್ಕಲ್ಲ. ಸುಪ್ರೀಂ ಕೋರ್ಟ್ 1961ರಲ್ಲೇ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಹೀಗೆಂದಿತು. ಮುಷ್ಕರ ಕಾನೂನು ಕೊಟ್ಟ ಅವಕಾಶ, ಅದರ ಷರತ್ತಿಗೆ ಒಳಪಟ್ಟದ್ದು. ಮೊದಲು ನೀರು, ವಿದ್ಯುತ್, ಸಾರಿಗೆಯಂಥ ಸಾರ್ವಜನಿಕ ಸೇವೆಗಳಲ್ಲಿ ಮಾತ್ರ ಮುಷ್ಕರಕ್ಕೆ ಮುಂಚೆ ನೋಟಿಸ್ ಕಡ್ಡಾಯವಾಗಿತ್ತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಎಲ್ಲ ಕೈಗಾರಿಕಾ ಸಂಸ್ಥೆಗಳಲ್ಲೂ 14 ದಿನದ ನೋಟಿಸ್ ಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ರಾಜಿ ಮಾತುಕತೆ ನಡೆಯುತ್ತಿರುವಾಗ ಕೆಲಸ ನಿಲ್ಲಿಸಿದರೆ ಮುಷ್ಕರ ಕಾನೂನುಬಾಹಿರ. ಇದರ ಮೇಲೆ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯಲು ಎಸ್ಮಾ ಎಂಬ ಕಾಯ್ದೆ ಇದೆ. ಅದನ್ನು ಹೇರಿದರೆ ಕೆಲಸ ನಿಲ್ಲಿಸಿದವರನ್ನು ಬಂಧಿಸಲೂಬಹುದು.

ಹೊರಗಿನಿಂದ ನೆರವಾಗುವವರು ತಿಳಿದಿರಬೇಕಾದ ಒಂದು ಅಂಶ ಹಳೇ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಮುಷ್ಕರ ಕಾನೂನುಬಾಹಿರ ಎಂದು ಗೊತ್ತಿದ್ದೂ ಅದನ್ನು ನೇರವಾಗಿ ಬೆಂಬಲಿಸಲು ಹಣ ಖರ್ಚು ಮಾಡುವುದು ಅಪರಾಧ. ಹಾಗಾಗಿ ದೊಡ್ಡ ಮೊತ್ತ ಕೊಡುವ ಮುಂಚೆ ನೋಟಿಸ್ ಕೊಟ್ಟಿದ್ದಾರೆಯೇ ಎಂದು ಸಂಘದವರನ್ನು ಕೇಳುವುದು ಜಾಣತನ. ಕೊಳ್ಳುವುದು, ಬಿಡುವುದು ನಮ್ಮಿಷ್ಟ. ಒಂದು ಅಂಗಡಿಗೋ ಹೋಟೆಲಿಗೋ ಹೋಗದಿರುವುದನ್ನು ಯಾರೂ ತಡೆಯಲಾರರು. ಪಾಲಿಕೆಯ ಆಯುಕ್ತರಿಗೆ, ಶಾಸಕರಿಗೆ "ಮಾತುಕತೆಗೆ ಕೂರಿ" ಎಂದು ಬೀದಿಯವರೆಲ್ಲ ಸಹಿ ಹಾಕಿ ಪತ್ರ ಬರೆಯುವುದಕ್ಕೂ ಅಡ್ಡಿಯಿಲ್ಲ. ಮುಷ್ಕರದ ದಿನಗಳಲ್ಲಿ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿ, ಒಣ ಕಸವನ್ನು ಕಟ್ಟಿಟ್ಟರೆ ವಾಸನೆ ಅರ್ಧ ಇಳಿಯುತ್ತದೆ. ಬೀದಿಯ ತಾಳ್ಮೆ ಒಂದೆರಡು ದಿನ ಜಾಸ್ತಿ ಬಾಳುತ್ತದೆ.

ಅಂದಹಾಗೆ, ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಆಟೊ ಇದೆಯಲ್ಲ, ಬೀದಿ ಗುಡಿಸುವವರಿಗೆ ಸಿಕ್ಕ ನೇರ ಪಾವತಿ ಅದನ್ನು ಓಡಿಸುವವರಿಗೆ, ಹಿಂದೆ ನಿಂತು ಬಕೆಟ್ ಇಸಿದುಕೊಳ್ಳುವವರಿಗೆ ಜೊತೆಯಲ್ಲಿ ಸಿಗಲಿಲ್ಲ. ಬೀದಿ ಗುಡಿಸುವ ಅಕ್ಕ, ಆಟೊ ಓಡಿಸುವ ಅಣ್ಣ ನಮ್ಮ ಗೇಟಿನ ಮುಂದೆ ಎದುರುಬದುರು ನಿಂತಿರುತ್ತಾರೆ. ಅಕ್ಕ ಪಾಲಿಕೆಯ ಲೆಕ್ಕದಲ್ಲಿ, ಅಣ್ಣ ಗುತ್ತಿಗೆದಾರರ ಲೆಕ್ಕದಲ್ಲಿ ಉಳಿದರು.